ನಮ್ಮ ಬಿ.ಎಸ್ಸಿ. ನರ್ಸಿಂಗ್ ಜರ್ಮನಿಯಲ್ಲಿ ನಡೆಯುತ್ತಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಿ. ಜರ್ಮನಿಗೆ ಕಳಿಸುತ್ತೇನೆ ಅಂತ ಒಬ್ಬ ಏಜೆಂಟ್ 4 ಲಕ್ಷ ಕೇಳಿದ್ದಾನೆ, ನಿಮ್ಮ ಡಿಗ್ರಿ ಅಲ್ಲಿ ಹಾಗೇ ನಡೆಯುತ್ತೆ ಅಂದಿದ್ದಾನೆ. ಗೆಳತಿಯೊಬ್ಬರು ಮಾತ್ರ, ಅಲ್ಲಿಗೆ ಹೋದ ಮೇಲೆ ಮೊದಲಿಂದ ಓದಬೇಕು ಅಂತ ಹೆದರಿಸಿದ್ದಾರೆ. ಯಾರ ಮಾತು ನಂಬಲಿ ಅಂತ ಕೇಳಿದ್ದೀರಿ.

ಇಬ್ಬರದ್ದೂ ಬೇಡ. ಡಿಗ್ರಿ ಹಾಗೇ ನಡೆಯುವುದಿಲ್ಲ, ಮೊದಲಿಂದ ಓದುವುದೂ ಬೇಕಿಲ್ಲ. ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಐಸಿಯುನಲ್ಲಿದ್ದವಳು. 2021ರ ಕೊನೆಗೆ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿಗೆ ಬಂದೆ. ಪೂರ್ತಿ ನರ್ಸ್ ಅನ್ನಿಸಿಕೊಳ್ಳಲು ಬಂದ ಮೇಲೂ ಸುಮಾರು ಒಂದು ವರ್ಷ ಹಿಡಿಯಿತು. ಅದರಲ್ಲಿ ಒಂದಷ್ಟು ತಿಂಗಳು ನನ್ನ ತಪ್ಪಿನಿಂದಲೇ ಹೋದವು. ಅದನ್ನೂ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ನಿಮ್ಮ ಅಣ್ಣ ಐಟಿಯಲ್ಲಿದ್ದಾರೆ, ಹೊರದೇಶದ ಕಾಲೇಜು, ಡಿಗ್ರಿಗಳ ಪಟ್ಟಿ ಇರುವ ಜರ್ಮನಿಯ ಆನಾಬಿನ್ ವೆಬ್‌ಸೈಟಿನಲ್ಲಿ ಕಾಲೇಜಿಗೆ ಎಚ್ ಪ್ಲಸ್, ಅಂದರೆ ಮಾನ್ಯ ಕಾಲೇಜು ಅನ್ನುವ ಗುರುತು, ಇದೆಯಾ ನೋಡು ಅಂದಿದ್ದಾರೆ ಅಂತ ಬರೆದಿದ್ದೀರಿ. ಅವರ ಮಟ್ಟಿಗೆ ಅದು ಸರಿ. ಸಾಫ್ಟ್‌ವೇರ್ ಕೆಲಸಕ್ಕೆ ಜರ್ಮನಿಯಲ್ಲಿ ಲೈಸೆನ್ಸ್ ಬೇಕಿಲ್ಲ, ವೀಸಾಕ್ಕೆ ಡಿಗ್ರಿ ಸರಿಯಿದೆ ಅಂತ ತೋರಿಸಿದರೆ ಮುಗಿಯಿತು. ನರ್ಸ್, ಡಾಕ್ಟರ್, ಫಾರ್ಮಸಿಸ್ಟ್ ಹಾಗಲ್ಲ. ಇವು ಕಾನೂನಿನ ಹತೋಟಿಯಲ್ಲಿರುವ ಕೆಲಸಗಳು, ಅನುಮತಿ ಪತ್ರ ಇಲ್ಲದೆ ಆ ಹೆಸರು ಹೇಳಿಕೊಳ್ಳುವ ಹಾಗಿಲ್ಲ. ನಮಗೆ ಆನಾಬಿನ್ ಪ್ರಿಂಟ್ ತೆಗೆದು ಏನೂ ಉಪಯೋಗವಿಲ್ಲ. ನಮ್ಮದು ಬೇರೆ ದಾರಿ, ಅದಕ್ಕೆ ಇಲ್ಲಿ ಆನರ್ಕೆನ್ನುಂಗ್ ಅನ್ನುತ್ತಾರೆ. ಅಂದರೆ ಮಾನ್ಯತೆ. ಈ ಪದ ಇನ್ನೆರಡು ವರ್ಷ ನಿಮ್ಮ ಕನಸಲ್ಲೂ ಬರುತ್ತದೆ.

ಆ ಕೆಲಸ ಮಾಡುವುದು ಆಯಾ ರಾಜ್ಯದ ಕಚೇರಿ. ಜರ್ಮನಿಯಲ್ಲಿ 16 ರಾಜ್ಯ, ಒಂದೊಂದಕ್ಕೆ ಒಂದೊಂದು ಕಚೇರಿ, ಕೇಳುವ ಕಾಗದಗಳ ಪಟ್ಟಿಯೂ ಸ್ವಲ್ಪ ಸ್ವಲ್ಪ ಬೇರೆ. ಬವೇರಿಯಾಕ್ಕೆ ಹೋದ ಗೆಳತಿಯ ಪಟ್ಟಿ ಇಟ್ಟುಕೊಂಡು ಬಾಡೆನ್-ವ್ಯುರ್ಟೆಂಬೆರ್ಗ್‌ಗೆ ಅರ್ಜಿ ಹಾಕಬೇಡಿ. ಯಾವ ಊರಿನ ಆಸ್ಪತ್ರೆ ಅಂತ ಗೊತ್ತಾದ ಮೇಲೆ ಆ ರಾಜ್ಯದ ಪಟ್ಟಿಯನ್ನೇ ತೆಗೆದು ನೋಡಿ. ಅಪೊಸ್ಟೀಲ್, ಅಂದರೆ ನಮ್ಮ ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ, ಮಾಡಿಸಿಕೊಡುತ್ತೇವೆ ಅಂತ ಬೆಂಗಳೂರಿನಲ್ಲಿ ಬೋರ್ಡ್ ಹಾಕಿಕೊಂಡವರು ತುಂಬಾ ಜನ ಇದ್ದಾರೆ. ಈ ಮುದ್ರೆಯನ್ನು ಪರಸ್ಪರ ಒಪ್ಪಿಕೊಳ್ಳುವ ದೇಶಗಳ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಹಾಗಾಗಿ ನಿಮ್ಮ ರಾಜ್ಯದ ಪಟ್ಟಿಯಲ್ಲಿ ಅದು ಇದೆಯೋ ಇಲ್ಲವೋ ನೋಡದೆ ದುಡ್ಡು ಸುರಿಯಬೇಡಿ.

ಈಗ ಕಚೇರಿಯವರು ಏನು ನೋಡುತ್ತಾರೆ ಅನ್ನುವುದು. ನೀವು ಎಷ್ಟು ಬುದ್ಧಿವಂತರು, ಎಷ್ಟು ಪರ್ಸೆಂಟ್ ತೆಗೆದಿದ್ದೀರಿ ಅನ್ನುವುದೆಲ್ಲ ಅವರಿಗೆ ಬೇಡ. ಅವರು ಲೆಕ್ಕ ಹಾಕುವುದು ಗಂಟೆಗಳನ್ನು. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪ್ರಾಕ್ಟಿಕಲ್. ಅದನ್ನು ಇಲ್ಲಿಯ ಮೂರು ವರ್ಷದ ತರಬೇತಿಯ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. 2020ರ ಜನವರಿಯಿಂದ ಇಲ್ಲಿ ಹೊಸ ಕಾನೂನು. ರೋಗಿಗಳ ಆರೈಕೆ, ಮಕ್ಕಳ ಆರೈಕೆ, ವಯಸ್ಸಾದವರ ಆರೈಕೆ ಮೂರನ್ನೂ ಸೇರಿಸಿ ಒಂದೇ ತರಬೇತಿ ಮಾಡಿದ್ದಾರೆ. ನಮ್ಮವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಆ ಮೂರನೆಯದರಲ್ಲಿ. ನಮ್ಮಲ್ಲಿ ಅಜ್ಜ ಅಜ್ಜಿಯನ್ನು ಮನೆಯಲ್ಲೇ ನೋಡಿಕೊಳ್ಳುತ್ತೇವೆ, ಅದಕ್ಕೊಂದು ಪೋಸ್ಟಿಂಗ್ ಎಲ್ಲಿಂದ ಬರಬೇಕು?

ಅದಕ್ಕೇ ಬರೀ ಮಾರ್ಕ್ಸ್ ಕಾರ್ಡ್ ಸಾಲದು, ಟ್ರಾನ್ಸ್‌ಕ್ರಿಪ್ಟ್ ಬೇಕು. ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಓಡುವ ಮೊದಲು ನಿಮ್ಮ ಕಾಲೇಜಿಗೆ ಹೋಗಿ, ನಾಲ್ಕು ವರ್ಷದ ಗಂಟೆಗಳ ಪಟ್ಟಿ ಪ್ರಿನ್ಸಿಪಾಲರ ಸೀಲ್ ಹಾಕಿಸಿ ತೆಗೆದುಕೊಳ್ಳಿ. ನನಗೆ ಕಾಲೇಜಿನವರು ಮೊದಲು ಕೊಟ್ಟ ಕಾಗದದಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಕೂಡಿಸಿ ಒಂದೇ ಅಂಕಿ ಬರೆದಿದ್ದರು. ಇಲ್ಲಿಂದ ವಾಪಸ್ ಬಂತು. ಮತ್ತೆ ಮಾಡಿಸಲು ಮೂರು ತಿಂಗಳು, ಹೋದಾಗಲೆಲ್ಲ ಆ ಕ್ಲರ್ಕ್ ಊಟಕ್ಕೆ ಹೋಗಿರುತ್ತಿದ್ದರು. ಜಿಎನ್‌ಎಂ ಓದಿದವರಿಗೂ ಇದೇ ಕತೆ, ಡಿಪ್ಲೊಮಾ ಆದರೂ ಅರ್ಜಿ ಹಾಕಬಹುದು.

ಎಕ್ಸ್‌ಪೀರಿಯೆನ್ಸ್ ಲೆಟರ್ ಕೂಡ ಅಷ್ಟೇ ಮುಖ್ಯ. ಕಡಿಮೆ ಬಿದ್ದ ಗಂಟೆಗಳನ್ನು ಕೆಲಸದ ಅನುಭವದಿಂದ ತುಂಬಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ 'ಇವರು ನಮ್ಮಲ್ಲಿ ಮೂರು ವರ್ಷ ಸ್ಟಾಫ್ ನರ್ಸ್ ಆಗಿದ್ದರು, ನಡತೆ ಒಳ್ಳೆಯದು' ಅಂತ ಎರಡು ಸಾಲು ಇದ್ದರೆ ಅದರಿಂದ ಏನನ್ನು ತುಂಬುತ್ತಾರೆ? ಯಾವ ವಾರ್ಡ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ, ಎಲ್ಲ ಇರಬೇಕು. ಕೆಲಸ ಬಿಡುವ ಮೊದಲೇ ಬರೆಸಿಕೊಳ್ಳಿ. ಬಿಟ್ಟ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ನಿಮ್ಮ ಫೋನ್ ಎತ್ತುವುದಿಲ್ಲ.

ಇನ್ನೊಂದು ತಲೆನೋವು ನಮ್ಮ ಕರ್ನಾಟಕದವರಿಗೇ ಸ್ಪೆಷಲ್. ಇನಿಷಿಯಲ್. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿಗೆ ಮೊದಲು ಎರಡು ಇನಿಷಿಯಲ್ ಇವೆ, ಊರಿನದೊಂದು ಅಪ್ಪನದೊಂದು. ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ ಅವು ಹೆಸರಾದ ಮೇಲೆ ಬಂದಿವೆ. ಪಾಸ್‌ಪೋರ್ಟಿನಲ್ಲಿ ಊರು ಬಿಟ್ಟುಹೋಗಿ ಅಪ್ಪನ ಹೆಸರು ಪೂರ್ತಿಯಾಗಿ ಸರ್‌ನೇಮ್ ಜಾಗದಲ್ಲಿ ಕೂತಿದೆ. ನಮಗೆ ಇದು ಒಬ್ಬಳೇ ಹುಡುಗಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ, ಜರ್ಮನ್ ಕಚೇರಿಯವರಿಗೆ ಮೂವರು ಹುಡುಗಿಯರು. ಮೂರೂ ಹೆಸರು ಒಬ್ಬಳದ್ದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಅದನ್ನೂ ಜರ್ಮನ್‌ಗೆ ಅನುವಾದ ಮಾಡಿಸಿ ಕಳಿಸಿದೆ. ಆಗ ಒಪ್ಪಿದರು. ನಿಮ್ಮದೂ ಹೀಗಿದ್ದರೆ ಈಗಲೇ ಮಾಡಿಸಿಡಿ. ಅಂದಹಾಗೆ, ಇಲ್ಲಿ ರೋಗಿಗಳೆಲ್ಲ ನನ್ನನ್ನು ಕರೆಯುವುದು ಅಪ್ಪನ ಹೆಸರಿಗೆ 'ಫ್ರಾವ್', ಅಂದರೆ ಶ್ರೀಮತಿ, ಅಂತ ಸೇರಿಸಿ. ಅಪ್ಪನಿಗೆ ಹೇಳಿದ ದಿನ ಫೋನಿನಲ್ಲೇ ನಕ್ಕು ನಕ್ಕು ಸುಸ್ತಾದರು.

ಅನುವಾದ ಎಂದರೆ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರಿಂದಲೇ ಆಗಬೇಕು. ಪುಟದ ಲೆಕ್ಕದಲ್ಲಿ ದುಡ್ಡು, ಸಿಲಬಸ್ ಪೂರ್ತಿ ಕೊಟ್ಟರೆ ಜೇಬು ಖಾಲಿ. ಕೇಳಿದ್ದನ್ನು ಮಾತ್ರ ಮಾಡಿಸಿ. ಒರಿಜಿನಲ್ ಮಾತ್ರ ಯಾರ ಕೈಗೂ ಬಿಟ್ಟುಕೊಡಬೇಡಿ, ಏಜೆಂಟ್‌ಗಂತೂ ಬೇಡವೇ ಬೇಡ.

ಇಷ್ಟೆಲ್ಲ ಕಳಿಸಿದ ಮೇಲೆ ಒಂದು ಪತ್ರ ಬರುತ್ತದೆ. ಅದರ ಹೆಸರು ಡೆಫಿಟ್ಸಿಟ್‌ಬೆಶೈಡ್. ನಿಮ್ಮಲ್ಲಿ ಇದಿಷ್ಟು ಕೊರತೆ ಇದೆ ಅಂತ ಪುಟಗಟ್ಟಲೆ ಪಟ್ಟಿ. ನನ್ನ ಪತ್ರ ಬಂದಾಗ ಅಮ್ಮ ದೇವರ ಮುಂದೆ ದೀಪ ಹಚ್ಚಿ ಕಾಯುತ್ತಿದ್ದರು. ನಾನು ಓದಿ ಅಳುತ್ತಾ ಕೂತೆ, ಫೇಲ್ ಆದೆ ಅಂದುಕೊಂಡು. ಸುಮ್ನೆ ಅತ್ತೆ. ನನಗೆ ಗೊತ್ತಿರುವ ಭಾರತದ ನರ್ಸ್‌ಗಳಿಗೆಲ್ಲ ಈ ಪತ್ರ ಬಂದಿದೆ, ಸಾಮಾನ್ಯವಾಗಿ ವೀಸಾ ಸಿಗುವುದೂ ಈ ಪತ್ರದ ಮೇಲೆಯೇ. ಹತ್ತಿರ ಬಂದಿದ್ದೀರಿ, ಇಷ್ಟು ಬಾಕಿ ಇದೆ, ಬಂದು ತುಂಬಿಸಿಕೊಳ್ಳಿ ಅಂತ ಅದರ ಅರ್ಥ.

ತುಂಬಿಸಲು ಎರಡು ದಾರಿ. ಒಂದು ತರಬೇತಿ, ಆಸ್ಪತ್ರೆಯಲ್ಲೇ ಕೆಲವು ತಿಂಗಳು ಕ್ಲಾಸು, ವಾರ್ಡು ಅಂತ ಮಾಡಿ ಕೊನೆಗೆ ಒಂದು ಮಾತುಕತೆ. ಇನ್ನೊಂದು ಕೆಂಟ್ನಿಸ್‌ಪ್ರ್ಯೂಫುಂಗ್, ಅಂದರೆ ಪರೀಕ್ಷೆ. ಮೌಖಿಕ ಸುಮಾರು ಒಂದು ಗಂಟೆ, ಆಮೇಲೆ ನಿಜವಾದ ವಾರ್ಡಿನಲ್ಲಿ ನಿಜವಾದ ರೋಗಿಯ ಮುಂದೆ ಪ್ರಾಕ್ಟಿಕಲ್. ಫೇಲಾದ ಭಾಗವನ್ನು ಒಂದೇ ಒಂದು ಸಲ ಮತ್ತೆ ಮಾಡಬಹುದು. 2024ರಿಂದ ಇನ್ನೊಂದು ಅನುಕೂಲ ಆಗಿದೆ. ಗಂಟೆಗಳ ಪೂರ್ತಿ ಹೋಲಿಕೆ ನನಗೆ ಬೇಡ ಅಂತ ಬರೆದುಕೊಟ್ಟು ನೇರವಾಗಿ ಪರೀಕ್ಷೆಗೋ ತರಬೇತಿಗೋ ಹೋಗಬಹುದು. ಕಾಲೇಜಿನಿಂದ ಗಂಟೆಗಳ ಪಟ್ಟಿ ಸರಿಯಾಗಿ ಸಿಗದವರು ಇದನ್ನು ವಿಚಾರಿಸಿ.

ನಾನು ಪರೀಕ್ಷೆ ಆರಿಸಿಕೊಂಡೆ. ಐಸಿಯುನಲ್ಲಿದ್ದವಳು, ವೆಂಟಿಲೇಟರ್ ನೋಡಿದವಳು, ನನಗೇನು ಕಷ್ಟ ಅನ್ನುವ ಕೊಬ್ಬು. ರೋಗಿ ಎಂಬತ್ತು ದಾಟಿದ ಅಜ್ಜಿ, ಸೊಂಟದ ಆಪರೇಷನ್ ಆಗಿ ನಾಲ್ಕನೇ ದಿನ. ಬೆಳಿಗ್ಗೆಯ ಆರೈಕೆ ನನ್ನ ಪಾಲಿಗೆ ಬಂತು. ಬಿಸಿನೀರು ತಂದೆ, ಪರದೆ ಎಳೆದೆ, ಬಟ್ಟೆ ಅದ್ದಿ ಹಿಂಡಿ ಅಜ್ಜಿಯ ಮುಖವನ್ನು ಮೆಲ್ಲಗೆ ಒರೆಸಿದೆ, ಕಿವಿಯ ಹಿಂದೆ, ಕತ್ತು, ಕೈ. ನನ್ನ ಅಜ್ಜಿಗೆ ಮಾಡುತ್ತಿದ್ದ ಹಾಗೆಯೇ. ಅಜ್ಜಿ ಖುಷಿಯಾಗಿ ನನ್ನ ಕೈ ಹಿಡಿದುಕೊಂಡರು. ಮೂಲೆಯಲ್ಲಿ ನಿಂತ ಪರೀಕ್ಷಕರು ಏನೋ ಬರೆದುಕೊಂಡರು. ಮುಗಿದ ಮೇಲೆ ಕೇಳಿದರು: 'ಇವರ ಕೈಗಳಿಗೆ ಏನಾಗಿದೆ?'

ಏನೂ ಆಗಿಲ್ಲ ಅಂದೆ. 'ಹಾಗಾದರೆ ಮುಖ ನೀವ್ಯಾಕೆ ತೊಳೆದಿರಿ?'

ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ರೋಗಿ ತಾನೇ ಮಾಡಿಕೊಳ್ಳಬಹುದಾದ್ದನ್ನು ನೀವು ಮಾಡಿದರೆ ಅದು ಸೇವೆ ಅಲ್ಲ, ತಪ್ಪು. ಬಟ್ಟೆಯನ್ನು ಅವರ ಕೈಗೆ ಕೊಟ್ಟು ಕಾಯಬೇಕು. ಹತ್ತು ನಿಮಿಷ ಆದರೂ ಕಾಯಬೇಕು. ನಾಳೆ ಅವರು ಮನೆಗೆ ಹೋಗಿ ಒಬ್ಬರೇ ಇರಬೇಕಲ್ಲ. ಜೊತೆಗೆ ಯಾಕೆ ಹೀಗೆ ಮಾಡುತ್ತಿದ್ದೇನೆ ಅಂತ ಮೊದಲೇ ಯೋಜನೆ ಬರೆದು, ಮಾಡುತ್ತಾ ಮಾಡುತ್ತಾ ಬಾಯಲ್ಲೂ ಹೇಳುತ್ತಿರಬೇಕು. ನಾನು ನಮ್ಮ ರೂಢಿಯಂತೆ ಬಾಯಿ ಮುಚ್ಚಿಕೊಂಡು ಚಕಚಕ ಮುಗಿಸಿದ್ದೆ. ಆ ಭಾಗ ಫೇಲ್. ಮೂರು ತಿಂಗಳ ಮೇಲೆ ಎರಡನೇ ಸಲ ಪಾಸಾದೆ. ಆ ಸಲ ಒಬ್ಬ ಅಜ್ಜ, ಶರ್ಟಿನ ಗುಂಡಿ ಹಾಕಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡರು ಅಂದರೆ ನನ್ನ ಬೆರಳುಗಳು ತುರಿಸುತ್ತಿದ್ದವು. ಮುಟ್ಟಲಿಲ್ಲ.

ಇದನ್ನು ಇಷ್ಟುದ್ದ ಹೇಳಿದ್ದು ಯಾಕೆಂದರೆ ನಮ್ಮ ಹುಡುಗಿಯರು ಎಡವುವುದು ಔಷಧದ ಜ್ಞಾನದಲ್ಲಿ ಅಲ್ಲ, ಇಲ್ಲಿ. ಊರಲ್ಲಿ ಮೈ ಒರೆಸುವುದು, ಊಟ ಮಾಡಿಸುವುದು ಎಲ್ಲ ಅಟೆಂಡರ್ ಇಲ್ಲ ಮನೆಯವರು ನೋಡಿಕೊಳ್ಳುತ್ತಾರೆ, ನಾವು ಇಂಜೆಕ್ಷನ್, ಐವಿ ಲೈನ್. ನಮ್ಮ ವಾರ್ಡಿನಲ್ಲಿ ಈಗ ಐವಿ ಹಾಕುವುದು ಡಾಕ್ಟರ್, ಬೆಡ್‌ಪ್ಯಾನ್ ಇಡುವುದು ನಾನು. 'ನಾಲ್ಕು ವರ್ಷ ಬಿ.ಎಸ್ಸಿ. ಓದಿ ಇದನ್ನಾ ಮಾಡೋದು' ಅಂತ ಅನ್ನಿಸುವ ದಿನ ಬರುತ್ತದೆ. ಬರುವ ಮೊದಲೇ ಗೊತ್ತಿರಲಿ.

ಈಗ ಭಾಷೆ. ಅನುಮತಿ ಪತ್ರಕ್ಕೆ ಜರ್ಮನ್‌ನಲ್ಲಿ ಬಿ2 ಮಟ್ಟ ಬೇಕು, ಬಿ1, ಎ2 ಅದಕ್ಕಿಂತ ಕೆಳಗಿನ ಮೆಟ್ಟಿಲುಗಳು. ಕೆಲವು ಏಜೆಂಟ್‌ಗಳು ಬಿ1 ಇದ್ದರೆ ಸಾಕು, ಉಳಿದದ್ದು ಅಲ್ಲಿ ಕಲಿಯಬಹುದು ಅಂತಾರೆ. 2024ರ ಮಾರ್ಚಿನಿಂದ ಎ2 ಇಟ್ಟುಕೊಂಡೇ ಬರುವ ಒಂದು ದಾರಿಯೂ ಇದೆ, ಸುಳ್ಳಲ್ಲ. ಆದರೆ ಮೂರು ಪಾಳಿ ಮಾಡಿಕೊಂಡು, ಚಳಿಯಲ್ಲಿ ಬಸ್ ಕಾದು, ರೂಮಿಗೆ ಬಂದು ವ್ಯಾಕರಣ ಓದುವುದು ಯಾರ ಕೈಲಾಗುತ್ತದೆ? ಬಿ1 ಹಿಡಿದು ಬಂದ ಇಬ್ಬರು ಗೆಳತಿಯರು ಎರಡು ವರ್ಷ ಸಹಾಯಕಿ ಕೆಲಸದಲ್ಲೇ ಉಳಿದರು. ಸರ್ಕಾರಿ ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿ ಸಹಾಯಕಿ ಪಿ5 ಅಥವಾ ಪಿ6, ನರ್ಸ್ ಪಿ7ರಿಂದ ಶುರು. ಮಾಡುವ ಕೆಲಸ ಹೆಚ್ಚುಕಮ್ಮಿ ಅದೇ. ಬೆಂಗಳೂರಿನ ಇಂದಿರಾನಗರದ ಗ್ಯೋಥೆ ಇನ್‌ಸ್ಟಿಟ್ಯೂಟಿನಲ್ಲಿ ಬಿ2 ಪರೀಕ್ಷೆ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಒಂದೊಂದಕ್ಕೂ 100ಕ್ಕೆ 60 ಬರಬೇಕು. ಬರೆಯುವುದರಲ್ಲಿ ನಾನು ಒಮ್ಮೆ ಹೋದೆ, ಅದೊಂದೇ ಭಾಗ ಮತ್ತೆ ಬರೆದೆ.

ಬಿ2 ಬಂದರೂ ಮೊದಲ ವಾರ ಒಂದಕ್ಷರ ಅರ್ಥವಾಗಲಿಲ್ಲ, ಅದು ಬೇರೆ ವಿಷಯ. ಇಲ್ಲಿಯ ವಯಸ್ಸಾದವರು ಮಾತಾಡುವುದು ಶ್ವೇಬಿಷ್, ಈ ಭಾಗದ ಆಡುಮಾತು. ಪುಸ್ತಕದ ಕನ್ನಡ ಕಲಿತವರನ್ನು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟ ಹಾಗೆ.

ಇನ್ನು ಆ 4 ಲಕ್ಷ. ಕೊಡಬೇಡಿ. ಜರ್ಮನಿಗೆ ನರ್ಸ್‌ಗಳು ಬೇಕಾಗಿದ್ದಾರೆ, ಖರ್ಚು ಆಸ್ಪತ್ರೆಯವರು ಹಾಕಬೇಕು. ನ್ಯಾಯವಾಗಿ ನೇಮಕ ಮಾಡುವ ಏಜೆನ್ಸಿಗಳಿಗೆ ಇಲ್ಲಿ 'ಫೇರೆ ಆನ್‌ವೆರ್ಬುಂಗ್ ಪ್ಫ್ಲೇಗೆ ಡಾಯ್ಚ್‌ಲಾಂಡ್' ಅಂತ ಒಂದು ಮುದ್ರೆ ಕೊಡುತ್ತಾರೆ, ನರ್ಸ್ ಹತ್ತಿರ ದುಡ್ಡು ತೆಗೆದುಕೊಳ್ಳಬಾರದು ಅನ್ನುವುದೇ ಅದರ ಮೂಲ ನಿಯಮ. ಆಸ್ಪತ್ರೆಗಳಿಗೆ ನೀವೇ ನೇರವಾಗಿ ಬರೆಯಲೂಬಹುದು, ನಾನು ಹಾಗೇ ಬಂದದ್ದು. ನಿಮ್ಮ ಪರವಾಗಿ ಆಸ್ಪತ್ರೆಯವರು ಇಲ್ಲಿಯ ವಿದೇಶಿಯರ ಕಚೇರಿಯಲ್ಲಿ 411 ಯೂರೋ ಕಟ್ಟಿ ಮಾನ್ಯತೆ, ವೀಸಾ ಕೆಲಸ ಬೇಗ ಮಾಡಿಸುವ ದಾರಿ ಇದೆ. ಕೇಳಿ, ಕಟ್ಟುತ್ತಾರೆ. ಕಾಂಟ್ರ್ಯಾಕ್ಟಿನಲ್ಲಿ ಮಾತ್ರ ಕೊನೆಯ ಪುಟ ಓದದೆ ಸಹಿ ಹಾಕಬೇಡಿ. ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಸಾವಿರ ಯೂರೋ ವಾಪಸ್ ಕೊಡಬೇಕು ಅನ್ನುವ ಸಾಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಸಣ್ಣ ಅಕ್ಷರದಲ್ಲಿ, ಜರ್ಮನ್‌ನಲ್ಲಿ. ಅದನ್ನು ಓದಲಿಕ್ಕಾದರೂ ಬಿ2 ಮಾಡಿಕೊಳ್ಳಿ.