ನಿಮ್ಮ ‘ಶಿನ್‌ಬಾಂಗುಮಿ’ ವಿಮರ್ಶೆ: ಅರ್ಧ ಕತ್ತರಿಸಿ, ಮತ್ತೆ ಬರೆಯಿರಿ

ನಮಸ್ಕಾರ.

ಜಿಂಜರ್ ರೂಟ್‌ನ ‘ಶಿನ್‌ಬಾಂಗುಮಿ’ (2024) ಆಲ್ಬಮ್ ಬಗ್ಗೆ ನೀವು ಕಳಿಸಿದ ವಿಮರ್ಶೆ ಓದಿದೆ. ಈಗಿರುವಂತೆ ಪ್ರಕಟಿಸಲು ಆಗದು. ಭಾಷೆ ಹದವಾಗಿದೆ, ತಕರಾರು ಅದರದ್ದಲ್ಲ. ಹನ್ನೆರಡು ಪ್ಯಾರಾಗಳಲ್ಲಿ ಏಳು, ಜಪಾನಿನ ಸಿಟಿ ಪಾಪ್, ಅಂದರೆ 1970–80ರ ದಶಕಗಳ ನಗರದ ಗುಂಗಿನ ಪಾಪ್ ಸಂಗೀತ, ಯೂಟ್ಯೂಬಿನಲ್ಲಿ ಹೇಗೆ ಮರುಜೀವ ಪಡೆಯಿತು ಎಂಬುದಕ್ಕೇ ಖರ್ಚಾಗಿವೆ. ಎಂಟನೆಯದರಲ್ಲಿ ಆಲ್ಬಮ್ ಬಂದರೂ ‘ನಾಸ್ಟಾಲ್ಜಿಕ್’, ‘ನಿಯಾನ್ ಬೆಳಕಿನ ಟೋಕಿಯೊ’ ಇಷ್ಟೇ. ಈ ಮಾತುಗಳನ್ನು ಯಾವ ಹಾಡಿಗೆ ಬೇಕಾದರೂ ಅಂಟಿಸಬಹುದು. ನಿಮ್ಮ ಕಿವಿಗೆ ಏನು ಬಿತ್ತು ಅನ್ನುವುದೇ ಬರಹದಲ್ಲಿಲ್ಲ.

ಮೊದಲು ತಪ್ಪುಗಳು. ಮರಿಯಾ ತಕೆಯುಚಿ ಅವರ ‘ಪ್ಲಾಸ್ಟಿಕ್ ಲವ್’ 2017ರ ಹಾಡಲ್ಲ, 1984ರ ‘ವೆರೈಟಿ’ ಆಲ್ಬಮ್‌ನದು. 2017ರಲ್ಲಿ ಅದು ಯೂಟ್ಯೂಬಿಗೆ ಏರಿ ಹೊರಜಗತ್ತಿಗೆ ಸಿಕ್ಕಿತು, ಅಷ್ಟೆ. ಸಿಟಿ ಪಾಪ್ ಬಗ್ಗೆ ‘ಈ ಶೈಲಿ ಹುಟ್ಟಿದ್ದೇ ಯಮಹಾ ಡಿಎಕ್ಸ್7 ಸಿಂಥ್‌ನಿಂದ (ಎಲೆಕ್ಟ್ರಾನಿಕ್ ಕೀಬೋರ್ಡ್)’ ಎಂದಿದ್ದೀರಿ. ಆ ವಾದ್ಯ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಆದರೆ ಇದೇ ಶೈಲಿಯ, ಏಯಿಚಿ ಓಟಾಕಿ ಅವರ ಆಲ್ಬಮ್ ‘ಎ ಲಾಂಗ್ ವೆಕೇಶನ್’ 1981ರದು, ತತ್ಸುರೊ ಯಮಾಶಿತಾ ಅವರ ‘ಫಾರ್ ಯೂ’ 1982ರದು. ಎರಡರಲ್ಲೂ ಜೀವಾಳ ಸ್ಟುಡಿಯೊ ವಾದಕರ ಕೈಚಳಕ. ಇವೆರಡರ ಮುಖಪುಟವನ್ನೂ ಚಿತ್ರಕಾರ ಹಿರೋಶಿ ನಾಗಾಯ್ ಲೆಕ್ಕಕ್ಕೆ ಬರೆದಿದ್ದೀರಿ. ‘ಫಾರ್ ಯೂ’ ಚಿತ್ರ ಏಯಿಜಿನ್ ಸುಜುಕಿ ಅವರದು. ನೀಲಿ ಆಕಾಶ ಕಂಡೊಡನೆ ಬಹಳ ಮಂದಿ ಮಾಡುವ ಎಡವಟ್ಟಿದು.

ಎಲ್ಲಕ್ಕಿಂತ ದೊಡ್ಡದು: ಜಿಂಜರ್ ರೂಟ್ ಜಪಾನಿ ಬ್ಯಾಂಡ್ ಅಲ್ಲ. ಅದು ಕ್ಯಾಲಿಫೋರ್ನಿಯಾದ ಕ್ಯಾಮರೂನ್ ಲ್ಯೂ ಕಟ್ಟಿಕೊಂಡ ಹೆಸರು. ಹಾಡುವುದು ಬಹುಪಾಲು ಇಂಗ್ಲಿಷಿನಲ್ಲಿ. ಆಲ್ಬಮ್‌ಗೆ ಜೊತೆಯಾದ ವೀಡಿಯೊಗಳ ಕಥೆ 1987ರದು: ಟಿವಿ ಚಾನೆಲ್‌ನಲ್ಲಿ ಕೆಲಸ ಕಳೆದುಕೊಂಡವನು ಸ್ವಂತ ಸಂಸ್ಥೆ ತೆರೆಯುತ್ತಾನೆ. ಅಂದರೆ ಇಲ್ಲಿ ಅನುಕರಣೆ ಹಾಡಿನದಷ್ಟೇ ಅಲ್ಲ, ಆ ಕಾಲದ ಟಿವಿಯದೂ ಹೌದು. ಇದನ್ನು ಬಿಟ್ಟು ಈ ಆಲ್ಬಮ್ ಬಗ್ಗೆ ಬರೆಯುವುದು ಹೇಗೆ?

ಇನ್ನು ಕೇಳುವ ಕೆಲಸ. ಇಯರ್‌ಫೋನ್ ಹಾಕಿ ‘ಫಾರ್ ಯೂ’ನ ಮೊದಲ ಹಾಡು ‘ಸ್ಪಾರ್ಕಲ್’ ಹಚ್ಚಿ, ಗಿಟಾರನ್ನು ಮಾತ್ರ ಹಿಂಬಾಲಿಸಿ. ತಂತಿ ಮೀಟಿದ ಕೂಡಲೇ ಎಡಗೈ ಸಡಿಲಿಸಿ ಸದ್ದಡಗಿಸುವ ಚುಟುಕು ಹೊಡೆತಗಳಿವೆ. ಅದನ್ನು ‘ಕಟಿಂಗ್’ ಅನ್ನುತ್ತಾರೆ. ಕುಣಿತ ಇರುವುದು ಸದ್ದಿನಲ್ಲಿ ಎಷ್ಟೋ, ನಡುವಿನ ಬಿಡುವಿನಲ್ಲೂ ಅಷ್ಟೇ.

ಆಮೇಲೆ ಕಾರ್ಡ್‌ಗಳು (chords), ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು. ಜಪಾನಿ ಪಾಪ್‌ನಲ್ಲಿ ಪದೇ ಪದೇ ಸಿಗುವ ಒಂದು ಜಾಡನ್ನು ಹಿಡಿಯಿರಿ: ಎಫ್ ಮೇಜರ್ 7, ಇ7, ಎ ಮೈನರ್ 7. ಅಮೆರಿಕದ ‘ಜಸ್ಟ್ ದ ಟೂ ಆಫ್ ಅಸ್’ನಲ್ಲಿ ಇದೇ ಜಾಡು ಬೇರೆ ಶ್ರುತಿಯಲ್ಲಿದೆ. ‘ಸಿ’ಯನ್ನು ಷಡ್ಜ ಮಾಡಿಕೊಂಡರೆ ಮಿಕ್ಕೆಲ್ಲ ಶಂಕರಾಭರಣದ ಸ್ವರಗಳೇ. ಇ7 ಮಾತ್ರ ಅಲ್ಲಿಲ್ಲದ ಶುದ್ಧ ಧೈವತವನ್ನು ನುಗ್ಗಿಸುತ್ತದೆ, ಮುಂದಿನ ಕಾರ್ಡ್‌ನಲ್ಲಿ ಅದು ಚತುಶ್ರುತಿ ಧೈವತಕ್ಕೆ ಏರಿ ಕೂರುತ್ತದೆ. ನೀವು ‘ಹೇಳಲಾಗದ ಹಳಹಳಿಕೆ’ ಎಂದು ಕರೆದಿರುವುದರಲ್ಲಿ ಅರ್ಧ ಪಾಲು ಈ ಎಳೆತ. ಹೇಳಬಹುದು.

ಇಷ್ಟಾದ ಮೇಲೆ ‘ಶಿನ್‌ಬಾಂಗುಮಿ’ಗೆ ಮರಳಿ. ಯಮಾಶಿತಾ ತಮ್ಮದೇ ದನಿಯನ್ನು ಪದರ ಪದರವಾಗಿ ಪೇರಿಸಿ ಕೋರಸ್ ಕಟ್ಟುತ್ತಾರೆ. ಲ್ಯೂ ದನಿ ಹಳೇ ರೇಡಿಯೊದಿಂದ ಬಂದ ಹಾಗೆ ಸೋಸಿಕೊಂಡು, ಕೊಂಚ ಒಡಕಾಗಿ ಬರುತ್ತದೆ. ನಿಮ್ಮ ವಿಮರ್ಶೆಗೆ ಇದೇ ಬೆನ್ನೆಲುಬಾಗಬಹುದು. ನನ್ನ ಕಿವಿಗಂತೂ ಈ ಆಲ್ಬಮ್ ಹಲವು ಕಡೆ ಸಿಟಿ ಪಾಪ್‌ಗಿಂತ, 1978ರಲ್ಲಿ ಶುರುವಾದ ಜಪಾನಿ ತಂಡ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾದ ಸಿಂಥ್ ಪಾಪ್‌ಗೆ ಹತ್ತಿರ. ಒಪ್ಪದಿದ್ದರೆ ಯಾವ ಹಾಡು, ಎಷ್ಟನೇ ನಿಮಿಷ ಎಂದು ತೋರಿಸಿ ಜಗಳ ತೆಗೆಯಿರಿ, ಸಂತೋಷವಾಗಿ ಛಾಪಿಸುತ್ತೇವೆ.

700 ಪದ ಮೀರಬೇಡಿ. ಇತಿಹಾಸಕ್ಕೆ ಎರಡು ವಾಕ್ಯ ಸಾಕು, ಮೂರು ಹಾಡುಗಳನ್ನು ಬಿಡಿಸಿ ನೋಡಿ. ತಕೆಯುಚಿ ಹೆಸರನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ. ಒಂದನ್ನು ಆರಿಸಿ ಕೊನೆವರೆಗೂ ಅದನ್ನೇ ಇಟ್ಟುಕೊಳ್ಳಿ.