ಅರಿಶಿನದ ಕಲೆ ಸೋಪಿಗೆ ಕೆಂಪಾಗುವುದೇಕೆ?

ಪ್ರಶ್ನೆ: ಬಿಳಿ ಅಂಗಿಯ ಮೇಲೆ ಚೆಲ್ಲಿದ ಸಾರಿನ ಹಳದಿ ಕಲೆ ಸೋಪು ಹಚ್ಚಿದೊಡನೆ ಕೆಂಪಾಯಿತು. ಸೋಪಿನಲ್ಲಿ ಬಣ್ಣವಿತ್ತೇ?

ಉತ್ತರ: ಇಲ್ಲ, ಬಣ್ಣ ಅರಿಶಿನದ್ದೇ. ಅದರಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಬಟ್ಟೆ ಸೋಪು ಕ್ಷಾರ. ಆರತಿಯ ಓಕುಳಿ ಕೆಂಪಾಗುವುದೂ ಹೀಗೆಯೇ: ಒಂದು ಲೋಟ ನೀರಿಗೆ ಕಾಲು ಚಮಚ ಅರಿಶಿನ ಕದಡಿ, ಎಲೆಗೆ ಹಚ್ಚುವ ಸುಣ್ಣ ಚಿಟಿಕೆಯಷ್ಟು ಹಾಕಿದರೆ ಸಾಕು. ಅದಕ್ಕೇ ನಿಂಬೆರಸ ಹಿಂಡಿ ನೋಡಿ, ಮತ್ತೆ ಹಳದಿಗೆ ತಿರುಗುವುದು ಎಷ್ಟು ಸೊಗಸು! ರಸ ಸಾಲದಿದ್ದರೆ ಸುಣ್ಣದ ಕ್ಷಾರ ಪೂರ್ತಿ ಅಡಗದೆ ಬಣ್ಣ ಕಿತ್ತಳೆಯಲ್ಲೇ ನಿಲ್ಲುತ್ತದೆ.

ಅಂಗಿಗೆ ಮಾತ್ರ ನಿಂಬೆ ಉಜ್ಜಿ ಫಲವಿಲ್ಲ. ಕೆಂಪು ಹೋಗಿ ಹಳದಿ ಉಳಿಯುತ್ತದೆ, ಅಷ್ಟೆ. ಕರ್ಕ್ಯುಮಿನ್ ನೀರಿನಲ್ಲಿ ಸುಲಭವಾಗಿ ಕರಗದು, ಆದರೆ ಬೆಳಕಿಗೆ ಒಡೆಯುತ್ತದೆ. ಚೆನ್ನಾಗಿ ಒಗೆದು, ಒದ್ದೆಯಿರುವಾಗಲೇ ಕಲೆಯ ಭಾಗ ನೇರ ಬಿಸಿಲಿಗೆ ಬೀಳುವಂತೆ ಹರವಿ.