ಏಪ್ರಿಲ್‌ನಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಮೂರು ದಿನ ಸುತ್ತು ಹಾಕಿ, ಬೈಕ್ ನಿಲ್ಲಿಸಿದ ಜಾಗಕ್ಕೇ ಬರುವ ಚಾರಣ: ದಾರಿ ಯಾವುದು, ನೀರು ಎಲ್ಲೆಲ್ಲಿ ಸಿಗುತ್ತದೆ?

ಇದೇ ತಿಂಗಳು, ಇದೇ ಮೂರು ದಿನ, ಇದೇ ಬೈಕಿನ ಲೆಕ್ಕ. ಕೆಲವು ವರ್ಷಗಳ ಹಿಂದೆ ಹಾಸನದಿಂದ ನಾವು ಮೂವರು ಗೆಳೆಯರು ಹೀಗೇ ಹೊರಟಿದ್ದೆವು.

ಚಂದ್ರದ್ರೋಣ ಬೆಟ್ಟಸಾಲು ಲಾಳದ ಹಾಗೆ ಬಾಗಿದೆ, ನಡುವೆ ಜಾಗರ ಕಣಿವೆ. ಮ್ಯಾಪ್‌ನಲ್ಲಿ ನೋಡಿದರೆ ಸುತ್ತು ಹಾಕೋಕೆ ಅಂತಲೇ ಮಾಡಿಟ್ಟ ಹಾಗೆ ಕಾಣುತ್ತದೆ. ಮುಳ್ಳಯ್ಯನಗಿರಿಗೆ ಹತ್ತುವ ಕಾಲುದಾರಿ ಸರ್ಪದಾರಿ, ಅದರ ಬುಡದಲ್ಲಿ ಬೈಕ್ ಬಿಟ್ಟು ಮುಳ್ಳಯ್ಯನಗಿರಿ ಹತ್ತುವುದು, ರಾತ್ರಿ ಅತ್ತಿಗುಂಡಿ ಊರಲ್ಲಿ ಉಳಿಯುವುದು. ಎರಡನೇ ದಿನ ಬಾಬಾಬುಡನ್‌ಗಿರಿ, ಗಾಳಿಕೆರೆ ದಾಟಿ ಕೆಮ್ಮಣ್ಣುಗುಂಡಿ. ಮೂರನೇ ದಿನ ಬೇರೆ ದಾರಿಯಲ್ಲಿ ವಾಪಸ್. ಮೊದಲ ದಿನ ಚೆನ್ನಾಗೇ ಆಯಿತು. 1,930 ಮೀಟರ್ ಎತ್ತರದಲ್ಲಿ ಗಾಳಿ ತಣ್ಣಗೆ ಬೀಸುತ್ತಿತ್ತು. ಬೇಸಿಗೆ ಅನ್ನುವುದೇ ಮರೆತುಹೋಯಿತು.

ತಪ್ಪಾಗಿದ್ದು ಗಾಳಿಕೆರೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ಬೆಳಗ್ಗೆ ತಲೆಗೆ ಎರಡು ಲೀಟರ್ ನೀರು ತುಂಬಿಸಿಕೊಂಡಿದ್ದೆವು. ಕೆರೆ ಮುಟ್ಟುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಕೆರೆಯಲ್ಲಿ ನೀರಿತ್ತು. ಆದರೆ ದಂಡೆ ತುಂಬ ದನಗಳ ಗೊರಸಿನ ಗುರುತು, ನೀರಿಗೆ ಚಹಾದ ಬಣ್ಣ. ಬಟ್ಟೆಯಲ್ಲಿ ಸೋಸಿ ಕುದಿಸಬೇಕಿತ್ತು, ಅರ್ಧ ಗಂಟೆಯ ಕೆಲಸ. ನಾನೇ ಬೇಡ ಅಂದೆ. ಹಿಂದಿನ ಡಿಸೆಂಬರ್‌ನಲ್ಲಿ ಇದೇ ದಾರಿಯಲ್ಲಿ ಬಂದಿದ್ದೆ. ಮುಂದೆ ಶೋಲದೊಳಗೆ, ಅಂದರೆ ಹುಲ್ಲುಗಾವಲಿನ ನಡುವೆ ಬೆಟ್ಟದ ಮಡಿಕೆಯಲ್ಲಿರುವ ದಟ್ಟ ಕಾಡಿನೊಳಗೆ, ಒಂದು ಹಳ್ಳ ಹರಿಯುತ್ತಿತ್ತು, ಬೊಗಸೆಯಲ್ಲೇ ಕುಡಿದಿದ್ದೆ. 'ಅಲ್ಲಿ ತುಂಬಿಸೋಣ, ಭಾರ ಯಾಕೆ?' ಅಂದೆ. ಎರಡು ವಾರದ ಹಿಂದೆ ಹೂಮಳೆಯೂ ಬಂದಿತ್ತು. ಕಾಫಿ ಹೂ ಅರಳುವಷ್ಟು ಮಳೆ ಬಂದಿದೆ, ಹಳ್ಳದಲ್ಲಿ ನೀರಿಲ್ಲದೆ ಇರುತ್ತಾ ಅನ್ನುವುದು ನನ್ನ ಲೆಕ್ಕ.

ಆ ಲೆಕ್ಕವೇ ತಪ್ಪು. ಹೂಮಳೆ ಮೇಲಿನ ಮಣ್ಣನ್ನು ತೋಯಿಸುತ್ತದೆ, ಅಷ್ಟೇ. ಹಳ್ಳ ಹರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಮಳೆಯಿಂದ. ಹುಲ್ಲುಗಾವಲೂ ಶೋಲವೂ ಅದನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಡಿಸೆಂಬರ್‌ನಲ್ಲಿ ಒಸರುತ್ತಿದ್ದ ಜಾಗ ಏಪ್ರಿಲ್ ಹೊತ್ತಿಗೆ ಬರಿದಾಗಿರುತ್ತದೆ.

ಹಳ್ಳ ಸಿಕ್ಕಿತು. ಕಲ್ಲಿನ ಮೇಲಿನ ಪಾಚಿ ಒಣಗಿ ಕಪ್ಪಗೆ ಸಿಪ್ಪೆ ಎದ್ದಿತ್ತು. ಒಂದು ಕಡೆ ಕಡವೆಯೋ ದನವೋ ತುಳಿದ ಗುಂಡಿಯಲ್ಲಿ ಮಾತ್ರ ಹಸಿ ಮಣ್ಣು, ಅದರ ಸುತ್ತ ಜೇನುನೊಣ. ಡಬ್ಬಿಯ ಮುಚ್ಚಳದಿಂದ ಕೆರೆದು ಕಾದೆವು. ಹದಿನೈದು ನಿಮಿಷಕ್ಕೆ ಅರ್ಧ ಲೋಟ ಕೆಸರು.

ಆಗಲೇ ತಿರುಗಿ ಗಾಳಿಕೆರೆಗೆ ಹೋಗಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಬೈಕ್ ಆ ತುದಿಯಲ್ಲಿದೆ, ಸುತ್ತು ಮುಗಿಸಲೇಬೇಕು ಅನ್ನುವುದು ತಲೆಯಲ್ಲಿ ಕೂತಿತ್ತು. ಏಣಿನ ಮೇಲೆ, ಅಂದರೆ ಬೆಟ್ಟಸಾಲಿನ ನೆತ್ತಿಯಲ್ಲಿ, ಒಂದು ಮರದ ನೆರಳೂ ಇಲ್ಲ. ಶೋಲಗಳೆಲ್ಲ ಕೆಳಗೆ, ಬೆಟ್ಟದ ಮಡಿಕೆಗಳಲ್ಲಿ. ಮಧ್ಯಾಹ್ನ ಎರಡರ ಹೊತ್ತಿಗೆ ಒಬ್ಬ ಗೆಳೆಯನಿಗೆ ತಲೆಸುತ್ತು, ಕಾಲು ಸೆಳೆತ. ಎರಡು ಸಲ ವಾಂತಿ ಮಾಡಿಕೊಂಡ. ಆಮೇಲೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳತೊಡಗಿದ. ಅದು ನನ್ನನ್ನು ಹೆದರಿಸಿತು. ಬಿಸಿಲಿಗೆ ಮಾತು ತೊದಲುವುದು, ಗಲಿಬಿಲಿಯಾಗುವುದು ಜೀವಕ್ಕೆ ಅಪಾಯದ ಲಕ್ಷಣ. ಅಷ್ಟರಲ್ಲಿ ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಗುಡುಗು ಶುರುವಾಯಿತು. ಬೋಳು ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ಎಂದರೆ ನಾವು ಮೂವರೇ.

ಸುತ್ತು ಬಿಟ್ಟು ಜಾಗರದ ಕಡೆ ಇಳಿದೆವು. ಕೈ ಹಿಡಿದು, ಕೂತು, ಜಾರಿ, ಒಂದು ಕಾಫಿ ತೋಟದ ಕೆಲಸಗಾರರ ಲೈನ್ ಮನೆ ತಲುಪಿದಾಗ ಸಂಜೆ. ಒಬ್ಬ ಅಜ್ಜಿ ಬೆಲ್ಲ, ಉಪ್ಪು ಕದಡಿದ ನೀರು ತಂದರು. ಚೊಂಬು ಕೈಗೆ ಕೊಡಲಿಲ್ಲ. ತಾವೇ ಹಿಡಿದುಕೊಂಡು ಗುಟುಕು ಗುಟುಕಾಗಿ ಅವನಿಗೆ ಕುಡಿಸಿದರು, ಸೀರೆಯ ಸೆರಗು ಒದ್ದೆ ಮಾಡಿ ಅವನ ಕುತ್ತಿಗೆಗೆ ಒತ್ತಿದರು. ತೋಟದ ಜೀಪಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋದೆವು. ಎರಡು ದಿನ ಇದ್ದು ಹುಷಾರಾದ. ಅವನ ಅಮ್ಮನಿಗೆ ಫೋನ್ ಮಾಡಿದ ಆ ಐದು ನಿಮಿಷ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಸುತ್ತು ಬೇಡ. ಬೇಸಿಗೆಯಲ್ಲಂತೂ ಬೇಡವೇ ಬೇಡ. ಬೈಕನ್ನು ಊರಲ್ಲೇ ಬಿಡಿ, ಬಸ್ಸೋ ಜೀಪೋ ಹಿಡಿದು ಹೋಗಿ. ಬೈಕ್ ಕಾಯುತ್ತಿಲ್ಲ ಎಂದರೆ ಎಲ್ಲಿ ಬೇಕಾದರೂ ಇಳಿದು ಬರಬಹುದು. ಅತ್ತಿಗುಂಡಿ ಕಡೆ ಒಂದೇ ಮನೆಯಲ್ಲಿ ಎರಡು ರಾತ್ರಿ ಉಳಿದು, ದಿನಾ ಒಂದೊಂದು ಗಿರಿ ಹತ್ತಿ ಇಳಿಯಿರಿ. ಬೆಳಕು ಹರಿಯುವ ಮುಂಚೆ ಹೊರಟು ಹನ್ನೆರಡರೊಳಗೆ ಏಣು ಬಿಟ್ಟು ಕೆಳಗಿರಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ.

ನೀರು ಎಲ್ಲೆಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನೀವು ಉಳಿದುಕೊಂಡ ಮನೆಯಲ್ಲಿ ಸಿಗುತ್ತದೆ. ತಲೆಗೆ ನಾಲ್ಕು ಲೀಟರ್ ಹೊತ್ತುಕೊಂಡೇ ಹೊರಡಿ, ಜೊತೆಗೆ ಓಆರ್‌ಎಸ್ ಪೊಟ್ಟಣ. ಬೇರೆಯವರು ಬರೆದ ಹಳ್ಳ, ಝರಿ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ, ಅವರು ಯಾವ ತಿಂಗಳು ಹೋಗಿದ್ದರೋ ಏನೋ.

ಟೆಂಟ್ ಮನೆಯಲ್ಲೇ ಬಿಡಿ. ಅನುಮತಿ ಇಲ್ಲದೆ ಕಾಡಿನಲ್ಲಿ ಉಳಿಯುವಂತಿಲ್ಲ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದೂ ಉಂಟು, ಹೊರಡುವ ವಾರ ವಿಚಾರಿಸಿ. ಒಣ ಹುಲ್ಲಿನಲ್ಲಿ ಸ್ಟೌ ಹಚ್ಚಬೇಡಿ. ಇದು ರಕ್ತ ಹೀರುವ ಉಣ್ಣೆ ಹುಳುಗಳ ಕಾಲ ಕೂಡ, ಮಲೆನಾಡಿನಲ್ಲಿ ಅವುಗಳ ಕಡಿತದಿಂದ ಮಂಗನ ಕಾಯಿಲೆ ಹರಡುವುದೂ ಈ ತಿಂಗಳುಗಳಲ್ಲೇ. ಉದ್ದ ಪ್ಯಾಂಟ್ ಹಾಕಿ ಸಾಕ್ಸ್ ಒಳಗೆ ಸಿಕ್ಕಿಸಿ, ಸಂಜೆ ಮೈ ಪೂರ್ತಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ.

ಸುತ್ತೇ ಹಾಕಬೇಕು ಅನ್ನುವ ಆಸೆ ಹೋಗದಿದ್ದರೆ ಡಿಸೆಂಬರ್‌ವರೆಗೆ ತಡೆಯಿರಿ. ನಾನು ಬೊಗಸೆಯಲ್ಲಿ ಕುಡಿದಾಗ ಆ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು.